ಬೆಳ್ಳುಳ್ಳಿಗೆ ಹತ್ತು ನಿಮಿಷ ವಿಶ್ರಾಂತಿ

ಆ ಮನೆಯಲ್ಲಿ ಬೆಳ್ಳುಳ್ಳಿಯನ್ನು ಹೆಚ್ಚಿದ ಕೂಡಲೇ ಬಾಣಲೆಗೆ ಹಾಕುವಂತಿರಲಿಲ್ಲ. ಹೆಚ್ಚಿ, ತಟ್ಟೆಯ ಮೇಲೆ ಹರಡಿ, ಹತ್ತು ನಿಮಿಷ ಅದರ ಪಾಡಿಗೆ ಬಿಡಬೇಕಿತ್ತು. ಆಗ ಅದರೊಳಗೆ ಏನೋ ಒಂದು ಕ್ರಿಯೆ ನಡೆದು ಹೃದಯಕ್ಕೆ ಒಳ್ಳೆಯದಾದ ಸತ್ವ ಹುಟ್ಟುತ್ತದಂತೆ. ಅವಸರಪಟ್ಟು ಬಿಸಿ ಎಣ್ಣೆಗೆ ಸುರಿದರೆ ಆ ಸತ್ವ ಹುಟ್ಟುವ ಮೊದಲೇ ಸತ್ತುಹೋಗುತ್ತದಂತೆ. ಮನೆಯ ಯಜಮಾನ ಇದನ್ನು ಫೋನಿನಲ್ಲಿ ಒಂದು ಸಂಶೋಧನಾ ಪ್ರಬಂಧದಲ್ಲಿ ಓದಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರಕಟಿಸಿದ್ದ.

ಒಳಗೆ ಮಣೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ ಅವನ ತಾಯಿ ಸೊಸೆಯ ಕಡೆ ತಿರುಗಿದಳು.

"ಈ ಮನೇಲಿ ಬೆಳ್ಳುಳ್ಳಿಯಾಗಿ ಹುಟ್ಟಬೇಕಿತ್ತು ಕಣೇ ನಾವು. ಹೆಚ್ಚಿಸ್ಕೊಂಡ್ರೂ ಪರವಾಗಿಲ್ಲ, ಆಮೇಲೆ ಹತ್ತು ನಿಮಿಷ ಬಿದ್ದುಕೊಳ್ಳೋಕಾದ್ರೂ ಬಿಡ್ತಾರೆ."

ಸೊಸೆ ನಗಲಿಲ್ಲ. ನಕ್ಕರೆ ಅವಳಿಗೆ ಏದುಸಿರು ಬರುತ್ತಿತ್ತು.

ಬೀದಿಯವರು ಅವಳನ್ನು ಬಟನಕ್ಕ ಎನ್ನುತ್ತಿದ್ದರು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಮದುವೆಗೆ ಮುಂಚೆ ಚಿಕ್ಕಮ್ಮನ ಬಳಿ ಕೂತು ಕಲಿತದ್ದು. ಅಂಗಿ ಕತ್ತರಿಸಿದವನ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು, ಗುಂಡಿ ಹಚ್ಚಿದವಳ ಹೆಸರು ಎಲ್ಲಿಯೂ ಇರಲಿಲ್ಲ; ಆದರೆ ಅಂಗಿ ಮೈಮೇಲೆ ನಿಲ್ಲುತ್ತಿದ್ದದ್ದು ಗುಂಡಿಯಿಂದ. ಬೆಳಿಗ್ಗೆ ಮನೆಯ ಕೆಲಸ ಮುಗಿಸಿ ಅಂಗಡಿಗೆ ಹೋಗುವಳು, ಮಧ್ಯಾಹ್ನ ಅಂಗಡಿಯ ಕೆಲಸ ಮುಗಿಸಿ ಮನೆಯ ಕೆಲಸಕ್ಕೆ ಬರುವಳು. ಎರಡರ ನಡುವೆ ಇದ್ದ ರಸ್ತೆಯನ್ನು ದಾಟುವ ಹೊತ್ತನ್ನು ಅವಳು ತನ್ನ ಬಿಡುವು ಎಂದು ಕರೆಯುತ್ತಿದ್ದಳು.

ಒಂದೆರಡು ವರ್ಷದಿಂದ ಮುಟ್ಟಾದಾಗ ರಕ್ತ ನಿಲ್ಲುತ್ತಿರಲಿಲ್ಲ. ವಯಸ್ಸಿನದು ಎಂದುಕೊಂಡಳು. ಕಪ್ಪು ಬಟ್ಟೆಯನ್ನೇ ಉಡತೊಡಗಿದಳು. "ಏನಕ್ಕಾ, ದಿನಾ ಕಪ್ಪು? ಯಾರ ಮೇಲೆ ಪ್ರತಿಭಟನೆ?" ಎಂದು ಅಂಗಡಿಯ ಟೈಲರ್ ತಮಾಷೆ ಮಾಡಿದ. ಪ್ರತಿಭಟನೆ ಮಾಡುತ್ತಿದ್ದದ್ದು ಗರ್ಭಕೋಶ ಎಂದು ಅವಳಿಗೆ ತಿಳಿದದ್ದು, ಒಂದು ದಿನ ಮೆಟ್ಟಿಲ ಮೇಲೆ ನೀರಿನ ಕೊಡ ಹಿಡಿದು ಕೂತವಳು ಮತ್ತೆ ಏಳಲಾಗದೆ, ನೆರೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ.

ಡಾಕ್ಟರಮ್ಮ ಹೇಳಿದಳು: "ಗರ್ಭಕೋಶದಲ್ಲಿ ಗಡ್ಡೆ ಇದೆ. ಹೆದರೋ ಅಂಥದ್ದಲ್ಲ, ಆದ್ರೆ ಆಪರೇಷನ್ ಆಗಲೇಬೇಕು. ಸಮಸ್ಯೆ ಏನಂದ್ರೆ, ನಿಮ್ಮ ಮೈಯಲ್ಲಿ ರಕ್ತವೇ ಇಲ್ಲ. ಹಿಮೋಗ್ಲೋಬಿನ್ ಎಂಟರ ಹತ್ರ ಇದೆ. ಹತ್ತು ದಾಟೋವರೆಗೆ ನಾನು ಕೈ ಹಾಕಲ್ಲ. ಒಳ್ಳೆ ಊಟ, ಈ ಮಾತ್ರೆ, ವಿಶ್ರಾಂತಿ. ಮೂರು ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಇನ್ನೂ ಇಳಿದ್ರೆ ಮಾತ್ರ ಕಷ್ಟ."

ಊಟ, ಮಾತ್ರೆ, ವಿಶ್ರಾಂತಿ. ಮೊದಲನೆಯದನ್ನು ಅವಳೇ ಬೇಯಿಸಬೇಕಿತ್ತು, ಎರಡನೆಯದನ್ನು ಅವಳೇ ನೆನಪಿಟ್ಟುಕೊಳ್ಳಬೇಕಿತ್ತು, ಮೂರನೆಯದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದಿರಲಿಲ್ಲ.

ಸುದ್ದಿ ಕೇಳಿ ಬಂದು ರೋಗಿಯ ಕುರ್ಚಿಯಲ್ಲಿ ಕೂತಿದ್ದ ಗಂಡ — ಅಲ್ಲಿ ಇದ್ದದ್ದು ಒಂದೇ ಕುರ್ಚಿ — ಗಂಭೀರವಾಗಿ ತಲೆಯಾಡಿಸಿ, "ಡಾಕ್ಟ್ರೇ, ನನ್ನ ಕೊಲೆಸ್ಟರಾಲ್ ಸ್ವಲ್ಪ ಅಂಚಿನಲ್ಲಿದೆ, ಅದಕ್ಕೆ ಓಟ್ಸ್ ಒಳ್ಳೇದಾ ಬಾರ್ಲಿನಾ?" ಎಂದು ಕೇಳಿದ.

ಈತ ಬೀದಿಗೆಲ್ಲ ಮೀಟರಣ್ಣ. ನೀರು ಸರಬರಾಜು ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದುವ ಕೆಲಸ. ಗೇಟು ತೆರೆ, ಮುಚ್ಚಳ ಎತ್ತು, ಅಂಕಿ ಬರೆದುಕೋ, ಮುಂದಿನ ಮನೆ. ಆ ನೀರನ್ನು ಒಳಗೆ ಯಾರು ಹೊತ್ತರು, ಯಾವುದಕ್ಕೆ ಸುರಿದರು ಎಂದು ಕೇಳುವುದು ಅವನ ಕೆಲಸವಾಗಿರಲಿಲ್ಲ. ಇತ್ತೀಚೆಗೆ ಹೊಸ ಮೀಟರ್‌ಗಳು ಬಂದು ತಮ್ಮನ್ನು ತಾವೇ ಓದಿಕೊಳ್ಳತೊಡಗಿದವು. ಇಲಾಖೆ ಅವನಿಗೆ ಕಚೇರಿಯಲ್ಲಿ ಒಂದು ಮೇಜು ಕೊಟ್ಟಿತು. ಮೇಜಿನ ಮೇಲೆ ಕೆಲಸ ಇಡಲು ಮರೆಯಿತು. ಓದಿ ರೂಢಿಯಾದ ಕಣ್ಣು ಸುಮ್ಮನೆ ಕೂರುತ್ತದೆಯೇ? ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಒಂದು ದಿನ ಅವನಿಗೆ ಲೋಕದ ವೈದ್ಯಕೀಯ ಜ್ಞಾನವೆಲ್ಲ ಪುಕ್ಕಟೆಯಾಗಿ ಬಿದ್ದಿರುವುದು ಕಂಡಿತು.

"ಮುಕ್ತ ಪ್ರವೇಶ ಅಂತ ಇದಕ್ಕೆ ಹೆಸರು," ಎಂದು ಅವನು ಮನೆಯಲ್ಲಿ ವಿವರಿಸಿದ. "ದೊಡ್ಡ ದೊಡ್ಡ ವಿಜ್ಞಾನಿಗಳು ಬರೆದಿರೋದು. ಯಾರು ಬೇಕಾದ್ರೂ ಓದಬಹುದು. ಒಂದು ಪೈಸೆ ಖರ್ಚಿಲ್ಲ."

"ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು," ಎಂದಳು ಅವನ ತಾಯಿ, ಬೀದಿಗೆಲ್ಲ ಅಜ್ಜಿ.

ಅವನ ಪಾಲಿಗೆ ಖರ್ಚಿಲ್ಲದ್ದು ನಿಜ. ಜ್ಞಾನ ಫೋನಿನಿಂದ ಹೊರಟು ಅಡುಗೆಮನೆ ತಲುಪುವ ಹೊತ್ತಿಗೆ ಅದಕ್ಕೆ ಬೆಲೆ ಹತ್ತಿರುತ್ತಿತ್ತು, ಮತ್ತು ಅದನ್ನು ತೆರುವವಳು ಬಟನಕ್ಕ. ಆಲೂಗಡ್ಡೆ ಕಂದು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕೆಟ್ಟ ರಾಸಾಯನಿಕ ಹುಟ್ಟುತ್ತದೆ ಎಂದು ಓದಿದ ವಾರ ಅವಳು ಒಲೆಯ ಮುಂದೆ ನಿಂತು ಆಲೂಗಡ್ಡೆಯ ಬಣ್ಣ ಕಾದಳು. ಬೇಯಿಸಿದ ಅನ್ನವನ್ನು ತಣ್ಣಗಾಗಿಸಿ ಮರುದಿನ ಬಿಸಿಮಾಡಿ ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತದೆ ಎಂದು ಓದಿದ ಮೇಲೆ ಅನ್ನಕ್ಕೆ ಎರಡು ಸಲ ಒಲೆ, ಒಂದು ಸಲ ಫ್ರಿಜ್ಜು, ಎರಡು ಸಲ ಪಾತ್ರೆ ತೊಳೆತ. ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಅಟ್ಟಕ್ಕೇರಿದವು. ಗಾಜಿನ ಭಾರದ ಡಬ್ಬಿಗಳು ಕೆಳಗಿಳಿದವು. ತರಕಾರಿಯನ್ನು ನೀರಲ್ಲಿ ಬೇಯಿಸುವಂತಿಲ್ಲ, ಹಬೆಯಲ್ಲಿ. ಕಾಳನ್ನು ನೆನೆಸದೆ ಬೇಯಿಸುವಂತಿಲ್ಲ. ನೆನೆಸಿದ ನೀರು ಚೆಲ್ಲಿ ಮತ್ತೆ ಹೊಸ ನೀರು.

"ಪುಸ್ತಕದ ಬದನೆಕಾಯಿ ಅಂತ ಕೇಳಿದ್ದೆ," ಎಂದಳು ಅಜ್ಜಿ. "ಆ ಬದನೆಕಾಯಿ ಎಷ್ಟೋ ವಾಸಿ. ಪುಸ್ತಕದಲ್ಲೇ ಇರ್ತಿತ್ತು. ಇದನ್ನ ನಾವು ಹೆಚ್ಚಬೇಕು."

ಬಟನಕ್ಕ ಸ್ವಲ್ಪ ಬದಲಿಸಲು ಹೋದರೆ ಮೀಟರಣ್ಣ ಒಪ್ಪುತ್ತಿರಲಿಲ್ಲ. ಒಂದು ಸಲ ಸುಸ್ತಾಗಿ ಬೆಳ್ಳುಳ್ಳಿಯನ್ನು ಹೆಚ್ಚುತ್ತಲೇ ಬಾಣಲೆಗೆ ಹಾಕಿದ್ದಳು. ಅವನು ಮೂಗಿನಲ್ಲೇ ಕಂಡುಹಿಡಿದ. "ನೋಡು, ವಿಜ್ಞಾನ ಅಂದ್ರೆ ಬರೆದ ಹಾಗೇ ಮಾಡಬೇಕು. ಅಲ್ಲೊಂಚೂರು ಇಲ್ಲೊಂಚೂರು ನಿನ್ನ ಅನುಕೂಲಕ್ಕೆ ತಿದ್ದಿದ್ರೆ ಫಲಿತಾಂಶ ಎಲ್ಲಾ ಎಕ್ಕುಟ್ಟಿ ಹೋಗುತ್ತೆ."

ಈ ಮಾತನ್ನು ಅವಳು ಮರೆಯಲಿಲ್ಲ. ಗುಂಡಿಯ ಡಬ್ಬಿಯಲ್ಲಿ ಒಂಟಿ ಗುಂಡಿಯನ್ನು ಎತ್ತಿಡುವ ಹಾಗೆ ಎತ್ತಿಟ್ಟುಕೊಂಡಳು. ಎಂದೋ ಒಂದು ದಿನ ಸರಿಹೊಂದುವ ಅಂಗಿ ಬಂದೇ ಬರುತ್ತದೆ.

ಮೂರು ತಿಂಗಳಾಗಿ ಮತ್ತೆ ರಕ್ತ ಪರೀಕ್ಷೆಗೆ ಹೋದರು. ಏರಿರಲಿಲ್ಲ. ಕೂದಲೆಳೆಯಷ್ಟು ಇಳಿದಿತ್ತು.

"ಮಾತ್ರೆ ತಗೊಳ್ತಿದ್ದೀರಾ?" ಎಂದಳು ಡಾಕ್ಟರಮ್ಮ.

"ತಪ್ಪದೆ. ಬೆಳಿಗ್ಗೆ ಚಹಾ ಜೊತೆ."

"ಚಹಾ ಜೊತೆನಾ! ಚಹಾ ಇದ್ರೆ ಕಬ್ಬಿಣ ಮೈಗೆ ಹತ್ತೋದೇ ಕಮ್ಮಿ ಅಂತ ಹೋದ ಸಲ ಹೇಳಿದ್ನಲ್ಲ?"

ಹೇಳಿದ್ದು ಗಂಡನಿಗೆ. ಅವಳು ಆಗ ಚೀಟಿ ಹಿಡಿದು ಔಷಧಿಯ ಸಾಲಿನಲ್ಲಿ ನಿಂತಿದ್ದಳು. ಅವನು ಆ ಮಾತನ್ನು ಕೇಳಿದ್ದ, ಮೆಚ್ಚಿದ್ದ, ಅಂದಿನಿಂದ ತನ್ನ ಊಟದ ಜೊತೆ ಚಹಾ ಕುಡಿಯುವುದನ್ನು ಬಿಟ್ಟಿದ್ದ.

"ಇನ್ನು ಮೂರು ತಿಂಗಳು ಕೊಡ್ತೀನಿ," ಎಂದಳು ಡಾಕ್ಟರಮ್ಮ. "ಹೀಗೇ ಇಳೀತಾ ಹೋದ್ರೆ, ಒಂದಿನ ನಿಮ್ಮನ್ನ ಎತ್ತಿಕೊಂಡು ಬರ್ತಾರೆ, ಆಗ ಅವಸರದಲ್ಲಿ ಮಾಡಬೇಕಾಗುತ್ತೆ. ಆ ಸ್ಥಿತಿಗೆ ತರಬೇಡಿ."

ಮೀಟರಣ್ಣನಿಗೆ ಅವಮಾನವಾಯಿತು. ಇಷ್ಟೊಂದು ಓದುವವನ ಮನೆಯಲ್ಲೇ ಅಂಕಿ ಏರದಿರುವುದೆಂದರೆ! ಅವನು ಕಚೇರಿಯ ಖಾಲಿ ಮೇಜಿನ ಮುಂದೆ ಕೂತು ಹುಡುಕಿದ. ಪಾಪ, ಕೆಟ್ಟವನಲ್ಲ, ಹೆಂಡತಿಯ ಮೇಲೆ ಪ್ರೀತಿಯಿತ್ತು. ಅದು ಯಾವಾಗಲೂ ಸೂಚನೆಯ ರೂಪದಲ್ಲಿ ಹೊರಬರುತ್ತಿತ್ತು, ಅಷ್ಟೇ.

ಸಂಜೆ ಬರುವಾಗ ಅವನ ಮುಖ ಬೆಳಗುತ್ತಿತ್ತು. "ಸಿಕ್ಕಿತು! ರಕ್ತ ಕಮ್ಮಿ ಇರೋ ಹೆಂಗಸರ ಮೇಲೇ ಮಾಡಿರೋ ಅಧ್ಯಯನ. ಮಾತ್ರೆ ಜೊತೆ ಬರೀ ಊಟ ಬದಲಿಸಿದ್ದಾರೆ. ಮೂರೇ ತಿಂಗಳಲ್ಲಿ ಎಲ್ಲರಿಗೂ ಏರಿದೆ."

ಅಂದಿನಿಂದ ಬಟನಕ್ಕನ ಆರೋಗ್ಯ ಸುಧಾರಣೆ ಶುರುವಾಯಿತು. ಅದಕ್ಕಾಗಿ ಅವಳು ಇನ್ನೂ ಬೇಗ ಏಳಬೇಕಾಯಿತು. ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಅರ್ಧ ಬೇಯಿಸಿ, ಅರ್ಧ ರುಬ್ಬಿ ಹುಳಿ ಬರಿಸಬೇಕು. ಸೊಪ್ಪು ದಿನಾ ಹೊಸದಾಗಿ ತಂದು ಸೋಸಬೇಕು. ಕಬ್ಬಿಣದ ಬಾಣಲೆಯಲ್ಲೇ ಬೇಯಿಸಬೇಕು. ಬೇಯಿಸಿದ ಮೇಲೆ ತಿಕ್ಕಿ, ಒರೆಸಿ, ಎಣ್ಣೆ ಸವರಿ ಇಡಬೇಕು, ಇಲ್ಲದಿದ್ದರೆ ತುಕ್ಕು. ನಿಂಬೆಹಣ್ಣು ತಿನ್ನುವ ಹೊತ್ತಿಗೇ ಹಿಂಡಬೇಕು. ಇವೆಲ್ಲ ಅವಳ ರಕ್ತಕ್ಕೆ. ಜೊತೆಗೆ ಅವನ ಹೃದಯದ ಬೆಳ್ಳುಳ್ಳಿ ಮತ್ತು ಫ್ರಿಜ್ಜಿನ ಅನ್ನ ಎಂದಿನಂತೆ ಇದ್ದೇ ಇದ್ದವು. ಆ ಬಾಣಲೆಯನ್ನು ಎರಡು ಕೈಯಲ್ಲಿ ಎತ್ತುವಾಗ ಅವಳ ಕಣ್ಣಿಗೆ ಕತ್ತಲು ಕಟ್ಟುತ್ತಿತ್ತು. ಎಲ್ಲರಿಗೂ ಬಡಿಸಿ ಆಕೆ ತಟ್ಟೆಯ ಮುಂದೆ ಕೂರುವಾಗ ಸೊಪ್ಪು ತಣ್ಣಗಾಗಿರುತ್ತಿತ್ತು, ನಿಂಬೆ ಮುಗಿದಿರುತ್ತಿತ್ತು, ಅಂಗಡಿಗೆ ಹೊತ್ತಾಗಿರುತ್ತಿತ್ತು. ಎರಡು ತುತ್ತು ನುಂಗಿ, ಕೂಡದೆಂದು ಗೊತ್ತಿದ್ದೂ ನಿಲ್ಲಲು ಶಕ್ತಿ ಬರಲಿ ಎಂದು ಒಂದು ಲೋಟ ಚಹಾ ಗಟಗಟ ಕುಡಿದು ಓಡುತ್ತಿದ್ದಳು.

"ಹೇಗನ್ನಿಸುತ್ತೆ ಈಗ? ಸ್ವಲ್ಪ ಚುರುಕಾಗಿದ್ದೀಯ ಅಲ್ವಾ?" ಎಂದು ಅವನು ಕೇಳುವನು. "ಬೇಗ ಏಳ್ತಿದ್ದೀಯ."

ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು ಒಂದು ಸಂಜೆ ಫೋನು ಮಾಡಿದಳು. "ಅಮ್ಮಾ, ಯಾಕೆ ಹೀಗೆ ಮಾತಿನ ಮಧ್ಯೆ ಉಸಿರು ಎಳ್ಕೊಳ್ತೀಯ? ಅಪ್ಪನ ಪೇಪರ್ ಊಟ ಕೆಲಸ ಮಾಡ್ತಿಲ್ವಾ?"

"ಊಟ ಏನೋ ಸರಿಯಾಗೇ ಇರಬೇಕು. ಆ ಹೆಂಗಸರಿಗೆಲ್ಲ ಏರಿದೆಯಂತೆ. ನನ್ನ ಮೈಯೇ ಸರಿಯಿಲ್ವೇನೋ."

"ಅಪ್ಪ ಅದನ್ನ ಪೂರ್ತಿ ಓದಿದ್ದಾರಾ? ನಮ್ಮ ಕ್ಲಾಸಲ್ಲೂ ಎಲ್ಲರೂ ಮೇಲಿನ ಒಂದು ಪ್ಯಾರಾ ಓದಿ ಜಂಬ ಕೊಚ್ಕೊಳ್ತಾರೆ. ಹೇಗೆ ಮಾಡಿದ್ರು ಅನ್ನೋದು ಕೆಳಗಿರುತ್ತಮ್ಮ. ಅದನ್ನ ಓದಿಸು."

ಆ ಭಾನುವಾರ ಮಧ್ಯಾಹ್ನ ಬಟನಕ್ಕ ಮೊಳಕೆಕಾಳಿನ ಗಂಟು ಬಿಚ್ಚದೆ ಹಾಗೇ ತಂದು ಊಟದ ಮೇಜಿನ ಮೇಲಿಟ್ಟಳು.

"ರೀ, ಆ ಪೇಪರ್ ಪೂರ್ತಿ ಓದಿ ಹೇಳ್ರಿ."

"ಹೇಳಿದ್ನಲ್ಲ. ಏರಿದೆ ಅಂತ."

"ಏರಿದ್ದು ಹೇಳಿದ್ರಿ. ಹೇಗೆ ಏರಿತು ಅಂತ ಕೆಳಗೆ ಬರೆದಿರ್ತಾರಂತಲ್ಲ, ಅದು."

"ಅದು ವಿಧಾನ. ನಿನಗೆ ಅರ್ಥ ಆಗಲ್ಲ. ಬರೀ ತಾಂತ್ರಿಕ ವಿಷಯ."

"ಅರ್ಥ ಆಗದಿದ್ರೆ ನೀವಿದ್ದೀರಲ್ಲ. ಓದ್ರಿ."

ಅಜ್ಜಿ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಂಡಳು. ಓದುವುದು ಮಗನಾದರೂ ಕನ್ನಡಕ ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ ಎಂಬುದು ಅವಳ ನಂಬಿಕೆ. ಮೀಟರಣ್ಣ ಫೋನಿನಲ್ಲಿ ಬೆರಳು ಜಾರಿಸುತ್ತ, ತಾನು ಎಂದೂ ಇಳಿಯದ ಆಳಕ್ಕೆ ಇಳಿದ. ಮುಚ್ಚಳ ಎತ್ತಿ ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದವನಿಗೆ ಇದೇ ಮೊದಲ ಸಲ ಒಳಗೆ ಬನ್ನಿ ಎಂದು ಯಾರೋ ಕರೆದಿದ್ದರು.

"ಹಂ... ಹೆಂಗಸರನ್ನ ಆಯ್ಕೆ ಮಾಡಿದ್ರು... ಒಪ್ಪಿಗೆ ತಗೊಂಡ್ರು..."

"ಒಪ್ಪಿಗೆ ಬೇರೆ ಕೇಳಿದ್ರಾ!" ಎಂದಳು ಅಜ್ಜಿ. "ದೊಡ್ಡ ಮನುಷ್ಯರು."

"ಅಮ್ಮಾ, ಸುಮ್ಮನಿರಿ. ಹಂ... ಊಟವನ್ನು... ಕೇಂದ್ರದ ಅಡುಗೆಮನೆಯಲ್ಲಿ..." ಅವನು ನಿಲ್ಲಿಸಿದ.

"ಊಟವನ್ನು?"

"ತರಬೇತಿ ಪಡೆದ ಸಿಬ್ಬಂದಿ ತಯಾರಿಸಿದರು."

ಬಟನಕ್ಕ ಕಾಳಿನ ಗಂಟಿನ ಮೇಲೆ ಕೈಯಿಟ್ಟಳು.

"ಮುಂದೆ ಓದ್ರಿ."

"ಬಿಸಿಯಾಗಿ, ಗೊತ್ತಾದ ಹೊತ್ತಿಗೆ ಬಡಿಸಲಾಯಿತು. ಪೂರ್ತಿ ತಿಂದರೇ ಎಂದು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕಿ ಇದ್ದರು. ಊಟದ ನಂತರ ಒಂದು ಗಂಟೆ ಚಹಾ ಕೊಡಲಿಲ್ಲ. ಆ ಹೊತ್ತು ಭಾಗಿಗಳು, ಅಂದ್ರೆ ಆ ಹೆಂಗಸರು... ಕೂತಿದ್ದರು."

"ಕೂತು?"

"ಕೂತಿದ್ದರು ಅಷ್ಟೇ. ಕೂತು ಏನು ಮಾಡಿದ್ರು ಅಂತ ಬರೆದಿಲ್ಲ."

"ಏನೂ ಮಾಡಿಲ್ಲ ಅಂತ ಅರ್ಥ," ಎಂದಳು ಬಟನಕ್ಕ.

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಲೋ, ನನಗೊಂದು ಅನುಮಾನ. ನಿನ್ನ ಹೆಂಡ್ತಿ ಈ ಪ್ರಯೋಗದಲ್ಲಿ ಭಾಗಿನಾ, ಸಿಬ್ಬಂದಿನಾ?"

"ಅಮ್ಮಾ, ಅದೆಲ್ಲ ಮುಖ್ಯ ಅಲ್ಲ. ಮುಖ್ಯವಾದದ್ದು ಕಾಳು, ಸೊಪ್ಪು, ನಿಂಬೆ. ಯಾರು ಬೇಯಿಸಿದ್ರೂ ಕಬ್ಬಿಣ ಕಬ್ಬಿಣವೇ."

ಬಟನಕ್ಕ ಆ ಒಂಟಿ ಗುಂಡಿಯನ್ನು ಹೊರಗೆ ತೆಗೆದಳು. "ವಿಜ್ಞಾನ ಅಂದ್ರೆ ಬರೆದ ಹಾಗೇ ಮಾಡಬೇಕು ಅಂದಿದ್ರಿ. ನಮ್ಮ ನಮ್ಮ ಅನುಕೂಲಕ್ಕೆ ತಿದ್ದಿದ್ರೆ ಫಲಿತಾಂಶ ಎಕ್ಕುಟ್ಟಿ ಹೋಗುತ್ತೆ ಅಂತ."

"ಅದು ಬೆಳ್ಳುಳ್ಳಿ ವಿಷಯಕ್ಕೆ ಹೇಳಿದ್ದು."

"ನಾನು ಬೆಳ್ಳುಳ್ಳಿಗಿಂತ ಕಡೆನಾ?"

ಹೀಗೆಂದು ಅವಳು ಕಾಳಿನ ಗಂಟನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಜಗಳವಾಡಲಿಲ್ಲ, ಅಳಲಿಲ್ಲ. ಭಾಗಿಗಳು ಕೂತಿರುತ್ತಾರೆ ಎಂದು ಬರೆದಿತ್ತು, ಕೂತಳು.

ಮೀಟರಣ್ಣನಿಗೆ ಬೇರೆ ದಾರಿಯಿರಲಿಲ್ಲ. ವಿಜ್ಞಾನವನ್ನು ಬಿಟ್ಟುಕೊಡಬೇಕು, ಇಲ್ಲವೇ ಬಾಣಲೆಯನ್ನು ಹಿಡಿಯಬೇಕು. ಎಲ್ಲ ಓದಿಕೊಂಡವನೆಂದು ಬೀದಿಯಲ್ಲಿ ತನಗಿದ್ದ ಹೆಸರನ್ನು ನೆನೆದು ಬಾಣಲೆ ಹಿಡಿದ.

ಮೊದಲ ದಿನ ಸಿಬ್ಬಂದಿಯ ತರಬೇತಿಯಲ್ಲೇ ಮಧ್ಯಾಹ್ನವಾಯಿತು. "ಉಪ್ಪು ಎಲ್ಲಿದೆ?" ಎಂದು ಅವನು ಕೂಗಿದ. ಮದುವೆಯಾದಾಗಿನಿಂದ ಉಪ್ಪು ಇದ್ದ ಕಡೆಯೇ ಇತ್ತು. "ಗಾಜಿನ ಡಬ್ಬೀಲಿ," ಎಂದಳು ಬಟನಕ್ಕ ಕೂತಲ್ಲಿಂದ. ಎಲ್ಲವೂ ಗಾಜಿನ ಡಬ್ಬಿಯಲ್ಲೇ ಇದ್ದವು. ಅದೂ ಅವನದೇ ಆಜ್ಞೆ.

ಎರಡನೆಯ ವಾರದ ಹೊತ್ತಿಗೆ ವಿಜ್ಞಾನ ಭರದಿಂದ ಮುಂದುವರಿಯಿತು. ಅನ್ನವನ್ನು ತಣ್ಣಗಾಗಿಸಿ ಮರುದಿನ ಬಿಸಿಮಾಡುವುದರ ಪ್ರಯೋಜನ ತೀರಾ ಅಲ್ಪ ಎಂದು ಹೊಸ ಪ್ರಬಂಧವೊಂದು ಅವನಿಗೆ ಸಿಕ್ಕಿತು. ಆಲೂಗಡ್ಡೆ ಅಲ್ಪಸ್ವಲ್ಪ ಕಂದಾದರೆ ಭಯವಿಲ್ಲ ಎಂದು ಇನ್ನೊಂದು ಹೇಳಿತು. ಹಬೆಗೂ ಬೇಯಿಸುವುದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದು ಒಂದು ಸುಸ್ತಾದ ಸಂಜೆ ತಾನಾಗಿಯೇ ಸಾಬೀತಾಯಿತು. ಬೆಳ್ಳುಳ್ಳಿ ಹೆಚ್ಚುತ್ತಲೇ ಬಾಣಲೆಗೆ ಬೀಳತೊಡಗಿತು. ಪ್ಲಾಸ್ಟಿಕ್ ಡಬ್ಬಿಗಳು ಒಂದೊಂದಾಗಿ ಅಟ್ಟದಿಂದ ಇಳಿದವು. ಮದುವೆಯಾಗಿ ಇಪ್ಪತ್ತೆರಡು ವರ್ಷ ಕೈ ಕೆಸರು ಮಾಡಿಕೊಳ್ಳದೆ ಮೊಸರು ತಿಂದವನಿಗೆ, ಕೆಸರು ಹತ್ತಿದ ಎರಡೇ ವಾರಕ್ಕೆ ಮೊಸರಿನ ಅಗತ್ಯದ ಬಗ್ಗೆಯೇ ಸಂಶಯ ಬಂದಿತ್ತು.

"ಲೋ, ಬೆಳ್ಳುಳ್ಳಿಗೆ ವಿಶ್ರಾಂತಿ?" ಎಂದು ಅಜ್ಜಿ ಕೆಣಕಿದಳು.

"ಪುರಾವೆ ದುರ್ಬಲವಾಗಿದೆಯಮ್ಮ."

"ಪುರಾವೆ ಗಟ್ಟಿಯಾಗೇ ಇತ್ತು. ದುರ್ಬಲ ಆಗಿರೋದು ನಿನ್ನ ಸೊಂಟ."

ಅಜ್ಜಿಯೇ ಮೇಲ್ವಿಚಾರಕಿ. ಸೊಸೆಯ ತಟ್ಟೆಯ ಎದುರು ಕೂತು ಕೊನೆಯ ತುತ್ತಿನವರೆಗೂ ಕಣ್ಣು ಕೀಳುತ್ತಿರಲಿಲ್ಲ. ನಾಲ್ಕು ದಿನ ಹೀಗೆ ನೋಡಿದ ಮೇಲೆ ಅವಳಿಗೆ ಏನೋ ಅನ್ನಿಸಿತು. ತನ್ನ ಜೀವಮಾನದಲ್ಲಿ ಇನ್ನೊಬ್ಬರು ಬೇಯಿಸಿದ್ದನ್ನು, ಮೊದಲ ಪಂಕ್ತಿಯಲ್ಲಿ, ಹಬೆಯಾಡುವಾಗಲೇ ಉಂಡದ್ದು ಎಷ್ಟು ಸಲ ಎಂದು ಲೆಕ್ಕ ಹಾಕಲು ನೋಡಿದಳು. ಬೆರಳು ಮಡಿಸುವ ಅಗತ್ಯವೇ ಬರಲಿಲ್ಲ. ಐದನೆಯ ದಿನ ಇನ್ನೊಂದು ತಟ್ಟೆ ತಂದು ಸೊಸೆಯ ಪಕ್ಕ ಕೂತಳು.

"ಇದೇನಮ್ಮಾ?" ಎಂದ ಮಗ.

"ಎರಡನೇ ಭಾಗಿ. ಒಬ್ಬಳ ಮೇಲೆ ಮಾಡಿದ್ದು ಯಾವ ವಿಜ್ಞಾನನೋ? ಬಡಿಸು. ನಿಂಬೆ ಈಗ ಹಿಂಡು."

ಬಟನಕ್ಕನಿಗೆ ಕೂರುವುದೇನೂ ಸುಲಭವಾಗಿರಲಿಲ್ಲ. ಊಟದ ನಂತರದ ಆ ಒಂದು ಗಂಟೆ ಮೊದಮೊದಲು ಅವಳ ಕೈಗಳು ಮಡಿಲಲ್ಲಿ ಒದ್ದಾಡುತ್ತಿದ್ದವು. ಒಳಗೆ ಹಾಲು ಉಕ್ಕುವ ಸದ್ದು ಕೇಳಿದರೆ ಎದ್ದೇಬಿಡುವಳು. ಅತ್ತೆ ತೋಳು ಹಿಡಿದು ಎಳೆದು ಕೂರಿಸುವಳು. "ಉಕ್ಕಲಿ ಬಿಡು. ಉಕ್ಕಿದ ಹಾಲು ಒರೆಸಿದ್ರೇನೇ ಉರಿ ಸಣ್ಣ ಮಾಡೋದು ಕಲಿಯೋದು." ಹಾಲು ಉಕ್ಕಿತು. ಒರೆಸುವ ಬಟ್ಟೆ ಎಲ್ಲಿದೆ ಎಂಬ ಕೂಗು ಬಂತು. ಇಬ್ಬರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒರೆಸುವ ಸದ್ದು ಕೇಳಿಸಿತು. ಆ ದಿನ ಬಟನಕ್ಕ ನಕ್ಕಳು, ಜೋರಾಗಿ. ನಕ್ಕು ಮುಗಿದ ಮೇಲೆ ಗಮನಿಸಿದಳು, ಏದುಸಿರು ಬಂದಿರಲಿಲ್ಲ.

ಪರೀಕ್ಷೆಯ ದಿನ ಬಂತು. ಡಾಕ್ಟರಮ್ಮ ಚೀಟಿಯನ್ನು ನೋಡಿ ಹುಬ್ಬೇರಿಸಿದಳು. ಹತ್ತು ದಾಟಿ ಇನ್ನೂ ಸ್ವಲ್ಪ ಮೇಲಿತ್ತು. "ಪರವಾಗಿಲ್ವೇ! ಏನು ಮಾಡಿದ್ರಿ ಈ ಸಲ?"

"ಮೊಳಕೆಕಾಳು, ಸೊಪ್ಪು, ತಾಜಾ ನಿಂಬೆ, ಕಬ್ಬಿಣದ ಬಾಣಲೆ," ಎಂದ ಮೀಟರಣ್ಣ, ಹೆಂಡತಿ ಬಾಯಿ ತೆರೆಯುವ ಮೊದಲೇ. "ಎಲ್ಲಾ ಪುರಾವೆ ಇರೋ ಕ್ರಮ. ಬೇಕಾದ್ರೆ ಲಿಂಕ್ ಕಳಿಸ್ತೀನಿ ಡಾಕ್ಟ್ರೇ."

"ಅವೆಲ್ಲ ನಾನೇ ಬೇಯಿಸ್ತಿದ್ದಾಗಲೂ ಇದ್ವು," ಎಂದಳು ಬಟನಕ್ಕ. ಈ ಸಲ ಕುರ್ಚಿಯಲ್ಲಿ ಕೂತಿದ್ದವಳು ಅವಳು.

ಆಪರೇಷನ್ ಸಲೀಸಾಗಿ ಮುಗಿಯಿತು. ಗಡ್ಡೆ ಹೋಯಿತು, ಮನೆಗೆ ಬಂದಳು, ಭಾರ ಎತ್ತಬಾರದೆಂದು ಹೇಳಿದ ವಾರಗಳೂ ಕಳೆದವು. ಮೀಟರಣ್ಣ ಆ ಹೊತ್ತಿಗೆ ಬೀದಿಯಲ್ಲಿ ನಾಲ್ಕಾರು ಗಂಡಸರಿಗೆ ತನ್ನ ಯಶಸ್ಸನ್ನು ವಿವರಿಸಿದ್ದ. ಅದರಲ್ಲಿ ಸೊಪ್ಪು ಇತ್ತು, ನಿಂಬೆ ಇತ್ತು, ರಸಾಯನಶಾಸ್ತ್ರ ಇತ್ತು. ಸೌಟು ಹಿಡಿದ ಕೈ ಯಾರದೆಂಬ ವಿಷಯ ಮಾತ್ರ ಜಾರಿಹೋಗುತ್ತಿತ್ತು. ತಾನು ಅಡುಗೆ ಮಾಡಿದ್ದನ್ನು ಗುಟ್ಟಾಗಿಡುವುದಕ್ಕಾಗಿ ತನ್ನ ಸಾಧನೆಯ ನಿಜವಾದ ಅರ್ಧವನ್ನೇ ಅವನು ಬಿಟ್ಟುಕೊಟ್ಟಿದ್ದ.

ಒಂದು ಬೆಳಿಗ್ಗೆ ಅವನು ಏಪ್ರನ್ ಬಿಚ್ಚಿ, ನೀಟಾಗಿ ಮಡಿಸಿ, ಊಟದ ಮೇಜಿನ ಮೇಲೆ ಅವಳ ಮುಂದಿಟ್ಟ.

"ಅಂತೂ ಅಧ್ಯಯನ ಮುಗೀತು," ಎಂದ. "ಯಶಸ್ವಿಯಾಗಿ."

ಬಟನಕ್ಕ ಏಪ್ರನ್ನನ್ನು ಮುಟ್ಟಲಿಲ್ಲ. "ಮುಗಿದ ಮೇಲೆ ಆ ಹೆಂಗಸರು ಏನಾದ್ರು?"

"ಯಾವ ಹೆಂಗಸರು?"

"ಪೇಪರಿನವರು. ಕೊನೇಲಿ ಬರೆದಿರ್ತಾರಲ್ಲ. ಓದ್ರಿ."

ಅಜ್ಜಿ ಕನ್ನಡಕ ಹಾಕಿಕೊಂಡಳು. ಮೀಟರಣ್ಣ ಫೋನು ತೆಗೆದು, ಬೆರಳು ಜಾರಿಸಿ ಜಾರಿಸಿ, ಕಟ್ಟಕಡೆಯ ಪುಟಕ್ಕೆ ಬಂದ. ಅವನ ತುಟಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಆಡಿತು.

"ಗಟ್ಟಿಯಾಗಿ," ಎಂದಳು ಅಜ್ಜಿ.

"ಕಾರ್ಯಕ್ರಮ ನಿಂತು ಭಾಗಿಗಳು ತಂತಮ್ಮ ಮನೆಗೆ ಮರಳಿದ ಮೇಲೆ... ಆರು ತಿಂಗಳಲ್ಲಿ... ಹೆಚ್ಚಿನವರಲ್ಲಿ ಮಟ್ಟ ಮೊದಲಿನಷ್ಟಕ್ಕೇ ಇಳಿಯಿತು. ಇದಕ್ಕೆ ಕಾರಣ ಸ್ಪಷ್ಟವಾಗಿಲ್ಲ."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

"ಅಷ್ಟೇನಾ?" ಎಂದಳು ಬಟನಕ್ಕ.

"ಇನ್ನೊಂದು ಸಾಲಿದೆ. ಎಲ್ಲಾ ಪೇಪರಿನ ಕೊನೇಲೂ ಇರೋದೇ. ಈ ನಿಟ್ಟಿನಲ್ಲಿ ಹೆಚ್ಚಿನ ಸಂಶೋಧನೆ ಅಗತ್ಯ."

"ಹಾಗಾದ್ರೆ ಮಾಡಿ," ಎಂದು ಅವಳು ಏಪ್ರನ್ನನ್ನು ಅವನ ಕಡೆಗೆ ಸರಿಸಿ, ಚೀಲ ಹೆಗಲಿಗೇರಿಸಿ ಗುಂಡಿ ಹಚ್ಚಲು ಹೊರಟಳು.